ಟಿವಿಯಲ್ಲಿ ಹೋಗಿಬಂದ ಗೋವಾಕ್ಕೆ ಖುದ್ದಾಗಿ ಹೋಗಲು ಅನುಮತಿ ಕೋರಿ

ಇಂದ,
ಮಲ್ಲೇಶ ಅಣ್ಣಪ್ಪ ಬೆಲ್ಲದ (ಇನ್ನು ಮುಂದೆ ‘ಅರ್ಜಿದಾರ’),
ಘಟಪ್ರಭಾದ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು,
ಸಾ. ಘೋಡಗೇರಿ, ತಾ. ಹುಕ್ಕೇರಿ.

ಗೆ,
ಶ್ರೀಮತಿ ಶಿವಗಂಗವ್ವ ಅಣ್ಣಪ್ಪ ಬೆಲ್ಲದ,
ಮನೆಯ ಯಜಮಾನಿ, ರಿಮೋಟಿನ ಏಕೈಕ ಹಕ್ಕುದಾರರು ಹಾಗೂ ಅರ್ಜಿದಾರನ ತಾಯಿ,
ಪಡಸಾಲೆ, ಸದರಿ ಮನೆ.

ವಿಷಯ: ಪತ್ನಿ ನೇತ್ರಾಳಿಗೆ ಸಮುದ್ರ ತೋರಿಸುವ ಸಲುವಾಗಿ, ತಾವು ಈಗಾಗಲೇ ಟಿವಿಯಲ್ಲಿ ನೋಡಿ ಮುಗಿಸಿರುವ ಗೋವಾಕ್ಕೆ ಹೋಗಲು ಅನುಮತಿ ನೀಡುವ ಕುರಿತು.

ಉಲ್ಲೇಖ: 1) ತಮ್ಮ ಮೌಖಿಕ ಆದೇಶ, ಭಾನುವಾರ ಸಂಜೆ. 2) ಬಾಜೂ ಮನೆಯ ಭರಮವ್ವನವರ ಹೇಳಿಕೆ, ಸೋಮವಾರ ಬೆಳಿಗ್ಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ಮಾನ್ಯರೇ,

ಭಾನುವಾರ ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ತಾವು ಗೋವಾವನ್ನು ರದ್ದುಪಡಿಸಿದಿರಿ. ಆಗ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಅರ್ಜಿದಾರನು ಮರುಮಾತನಾಡಲು ಬಾಯಿ ತೆರೆದಾಗ ತಾವು, “ಬಾಯಿಲೆ ಹೇಳಬ್ಯಾಡ, ಬರದ ಕೊಡು” ಎಂದಿರಿ. ಅರ್ಜಿದಾರನ ತಂದೆ ದಿವಂಗತ ಅಣ್ಣಪ್ಪನವರು ಹುಕ್ಕೇರಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಕಾಲದಿಂದಲೂ ಈ ಮನೆಯಲ್ಲಿ ಬಾಯಿಮಾತಿನ ಬೇಡಿಕೆಯನ್ನು ಪರಿಗಣಿಸುವ ಪದ್ಧತಿ ಇರುವುದಿಲ್ಲ. ಅರ್ಜಿದಾರನಿಗೆ ಶಾಲೆಗೆ ಹೋಗುವಾಗಿನ ಚಪ್ಪಲಿ ಕೂಡ ಅರ್ಜಿಯ ಮೇಲೆಯೇ ಮಂಜೂರಾಗಿತ್ತು. ಕಾರಣ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಪ್ರತಿದಿನ ಸಂಜೆ ಏಳಕ್ಕೆ ಪ್ರವಾಸದ ಕಾರ್ಯಕ್ರಮ ಶುರುವಾಗುತ್ತದೆ. ಭರಮವ್ವ, ಎದುರುಮನೆಯ ದಾಕ್ಷಾಯಿಣಿ ಇಬ್ಬರೂ ಬುತ್ತಿ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬರುತ್ತಾರೆ. ಟಿವಿ ಮುಂದೆ ಕೂರುವುದಕ್ಕೆ ರೊಟ್ಟಿ, ಶೇಂಗಾ ಚಟ್ನಿ ಏಕೆ ಎಂದು ಅರ್ಜಿದಾರನು ಒಮ್ಮೆ ಕೇಳಿದ್ದುಂಟು.

“ಊರಿಗೆ ಹೊಂಟಾಗ ಬುತ್ತಿ ಇಲ್ದ ಹೋಗ್ತಾರೇನೋ? ಅಲ್ಲೆ ಏನ್ ಸಿಗತೈತೋ ಏನಿಲ್ಲೋ” ಎಂದು ತಾವು ಉತ್ತರಿಸಿದಿರಿ. ಅಂದು ಹೋದ ಊರು ಸ್ವಿಟ್ಜರ್ಲೆಂಡ್. ಹಿಮ ಕಂಡ ಕೂಡಲೇ ಫ್ಯಾನ್ ಬಂದ್ ಮಾಡಿಸಲಾಯಿತು. ವಿಮಾನ ಮೇಲೇರಿದಾಗ ಭರಮವ್ವ ಕಂಬ ಹಿಡಿದುಕೊಂಡರು. ಜಾಹೀರಾತು ಬಂದಾಗ ತಾವು, “ಗಾಡಿ ನಿಂತೈತಿ. ಇಳಿಯೂವ್ರು ಇಳದ ಬರ್ರಿ” ಎಂದು ಘೋಷಿಸಿದಿರಿ. ಅದರಂತೆ ದಾಕ್ಷಾಯಿಣಿ ಇಳಿದುಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದರು.

2. ಮನೆಯ ಎಲ್ಲ ಕೆಲಸಗಳೂ ಈಗ ಜಾಹೀರಾತಿನ ವೇಳೆಗೆ ಹೊಂದಿಕೊಂಡಿವೆ. ಎಮ್ಮೆಯನ್ನು ಹಿಂಡುವುದೂ ಅದರಲ್ಲಿ ಸೇರಿದೆ. ಕಾರ್ಯಕ್ರಮದ ಸಂಗೀತ ಕೇಳಿಸದ ಹೊರತು ಎಮ್ಮೆಯು ಹಾಲು ಇಳಿಸುತ್ತಿಲ್ಲ. ಕರೆಂಟು ಹೋದ ದಿನ ಅರ್ಜಿದಾರನೇ ಅದರ ಕಿವಿಯ ಬಳಿ ಆ ಸಂಗೀತವನ್ನು ಬಾಯಲ್ಲಿ ಹಾಡಿದ್ದಾನೆ. ಇದಕ್ಕೆ ಬೀದಿಯೇ ಸಾಕ್ಷಿ.

ಇದಲ್ಲದೆ, ಭರಮವ್ವ ಅಂಕಲಗಿಯ ಅಳಿಯನ ಫೋನು ಬಂದಾಗ, “ಈಗರ ಸ್ವಿಟ್ಜರ್ಲೆಂಡಿಂದ ಬಂದೇನ್ರಿ, ಕಾಲ್ ಭಾಳ ನೋಯಾಕತ್ತಾವ” ಎಂದಿದ್ದರು. ಅಳಿಯ ಮಾಲಿಂಗಪ್ಪ ಮರುದಿನವೇ ಮೋಟಾರ್‌ಸೈಕಲ್ ಹತ್ತಿ ಬಂದು, “ಅತ್ತಿ, ನಮಗೇನ್ ತಂದೀರಿ?” ಎಂದು ಕೇಳಿದ. ಊರಿಂದ ಬಂದವರು ಬರಿಗೈಲಿ ಕಳಿಸಬಾರದೆಂದು ಅವನಿಗೆ ಚುರುಮುರಿ, ಬತ್ತಾಸ ಕೊಟ್ಟು ಕಳುಹಿಸಲಾಯಿತು. ಅವನು ಅದನ್ನೇ ಊರಲ್ಲಿ ಸ್ವಿಟ್ಜರ್ಲೆಂಡಿನ ಬತ್ತಾಸ ಎಂದು ಹಂಚಿದ್ದಾಗಿ ವರ್ತಮಾನವಿದೆ.

ಈ ಬಗ್ಗೆ ಅರ್ಜಿದಾರನ ತಕರಾರು ಏನೂ ಇಲ್ಲ.

3. ತಕರಾರು ಇರುವುದು ಮುಂದಿನ ವಿಷಯದಲ್ಲಿ. ಅರ್ಜಿದಾರನು ಪತ್ನಿಯೊಂದಿಗೆ ಎಲ್ಲಿಗೆ ಹೊರಟರೂ ತಾವು ಆ ಊರಿಗೆ ಅಷ್ಟರಲ್ಲೇ ಹೋಗಿ ಬಂದಿರುತ್ತೀರಿ. ಊಟಿಯ ಮಾತು ತೆಗೆದಾಗ, “ಥಂಡಿಗೆ ತಲಿಗೆ ಕುಂಚಿಗಿ ಹಾಕ್ಕೊಂಡ ನಿಂತು ಚಹಾ ಕುಡದ ಬರೂದು. ಚಹಾ ಮನ್ಯಾಗಿಲ್ಲೇನು?” ಎಂದಿರಿ. ಕಾಶ್ಮೀರದ ಬಗ್ಗೆ, “ಕುದ್ರಿ ಮ್ಯಾಲೆ ಕುಂದ್ರಸ್ತಾರ, ಇಳಸೂದ ಮರೀತಾರ” ಎಂಬ ಕಾರಣ ನೀಡಿದಿರಿ. ಕೊಡಗಿನ ಜಿಗಣೆ ತಮ್ಮನ್ನು ಕಚ್ಚಿಲ್ಲವಾದರೂ ನಿರೂಪಕಿಯನ್ನು ಕಚ್ಚಿದ್ದು ತಮಗೆ ಮೂರು ದಿನ ನೋಯುತ್ತಿತ್ತು. ಹೀಗಾಗಿ ಮದುವೆಯಾಗಿ ನಾಲ್ಕು ವರ್ಷವಾದರೂ ಅರ್ಜಿದಾರ ದಂಪತಿ ಒಟ್ಟಿಗೆ ಪ್ರಯಾಣಿಸಿದ ಅತಿ ದೂರದ ಸ್ಥಳವೆಂದರೆ ಪತ್ನಿಯ ತವರು ಮೂಡಲಗಿ.

4. ನೇತ್ರಾಳ ವಿಷಯ. ಮದುವೆ ಗೊತ್ತಾದಾಗ ಆಕೆ ಬಂಗಾರ ಕೇಳಲಿಲ್ಲ. ಫೋನಿನಲ್ಲಿ, “ಒಮ್ಮೆ ಸಮುದ್ರ ತೋರಸ್ತೀರೇನ್ರಿ?” ಎಂದಷ್ಟೇ ಕೇಳಿದಳು. ಅರ್ಜಿದಾರನು, “ಅದೇನ್ ದೊಡ್ಡ ಮಾತು” ಎಂದನು. ಈ ಆಶ್ವಾಸನೆ ಇಂದಿಗೂ ಬಾಕಿ ಇದೆ.

ಆಕೆ ಊರಿನ ಅಂಗನವಾಡಿಯಲ್ಲಿ ಕಲಿಸುತ್ತಿರುವುದು ತಮಗೆ ತಿಳಿದೇ ಇದೆ. ಕಳೆದ ವಾರ ಗೋಡೆಯ ಮೇಲಿನ ಚಿತ್ರ ತೋರಿಸಿ ಸಮುದ್ರದ ಪಾಠ ಹೇಳುವಾಗ ಪೂನಮ್ ಎಂಬ ಹುಡುಗಿ ಎದ್ದು ನಿಂತು, “ಟೀಚರ್, ನೀವು ಸಮುದ್ರ ನೋಡೀರೇನ್ರಿ?” ಎಂದಳು.

“ನೋಡೇನಿ. ಟಿವ್ಯಾಗ.”

“ಅದನ್ನ ನಾವೂ ನೋಡೇವ್ರಿ” ಎಂದು ಪೂನಮ್ ಕುಳಿತಳು.

ಅಂದು ಸಂಜೆ ನೇತ್ರಾ ಬೇಯಿಸಿದ ರೊಟ್ಟಿ ಸೀದಿತ್ತು. ಪಲ್ಯದಲ್ಲಿ ಉಪ್ಪಿರಲಿಲ್ಲ. ತಾವು ಅದೇ ಹೊತ್ತಿಗೆ ಈಜಿಪ್ಟಿನಲ್ಲಿದ್ದುದರಿಂದ ಎರಡೂ ತಮ್ಮ ಗಮನಕ್ಕೆ ಬಂದಿರಲಾರದು.

5. ಆದ್ದರಿಂದ ಅರ್ಜಿದಾರನು ಭಾನುವಾರ ಧೈರ್ಯ ಮಾಡಿ ವಿಷಯ ಮಂಡಿಸಿದನು. ನಡೆದ ಮಾತುಕತೆ ಯಥಾವತ್ತಾಗಿ ಹೀಗಿದೆ:

“ಅವ್ವಾ, ನೇತ್ರಾನ ಕರಕೊಂಡ ಸಮುದ್ರ ನೋಡಿ ಬರ್ತೇವಿ.”

“ಯಾವ ಸಮುದ್ರ?”

“ಗೋವಾದ್ದು.”

“ಮೊನ್ನೆರ ಹೋಗಿ ಬಂದೇವಲ್ಲೋ!”

“ನೀ ಹೋಗೀದಿ. ನಾವು ಹೋಗಿಲ್ಲ.”

“ನೀವೂ ಇಲ್ಲೇ ಕುಂತಿದ್ರಿ. ಏನೈತಿ ನೋಡಾಕ? ನೀರಂದ್ರ ನೀರ. ಹೌದಿಲ್ಲೋ ಭರಮವ್ವ?”

“ಖರೆ ಐತಿ” ಎಂದು ಭರಮವ್ವ ಸಾಕ್ಷಿ ನುಡಿದರು. “ಉಸುಕಂತೂ ಭಾಳ ಇತ್ತವ್ವ. ನಡಿಯಾಕ ಆಗಲಿಲ್ಲ.”

ಅಷ್ಟರಲ್ಲಿ ಜಾಹೀರಾತು ಮುಗಿಯಿತು. ಗೋವಾ ರದ್ದಾಯಿತು. ನೇತ್ರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

6. (ಈ ಅಂಶವನ್ನು ಗೌಪ್ಯವೆಂದು ಪರಿಗಣಿಸಬೇಕಾಗಿ ವಿನಂತಿ.) ಸೋಮವಾರ ಬೆಳಿಗ್ಗೆ ಬಟ್ಟೆ ಒಗೆಯುವಾಗ ನೇತ್ರಾಳ ಮುಖ ನೋಡಲಾರದೆ ಭರಮವ್ವ ತಾವಾಗಿಯೇ ಬಾಯಿಬಿಟ್ಟರು:

“ನಿಮ್ಮತ್ತಿ ಮ್ಯಾಲೆ ಸಿಟ್ಟಾಗಬ್ಯಾಡವಾ. ಆಕಿ ಬಸ್ ಹತ್ತಿದ್ದು ಒಮ್ಮೆ ಅಷ್ಟ. ಲಗ್ನಾದ ವರ್ಷ ಹುಕ್ಕೇರಿಗೆ ಹೊಂಟಾಗ ತನ್ನ ಮಾವನ ಬಿಳಿ ಧೋತರದ ಮ್ಯಾಲೆ ಪೂರ್ತಿ ಕಾರಿಕೊಂಡ್ಲು. ಆ ಮುದುಕ ಸಾಯೂತನಕ ಲಗ್ನ, ಕುಬಸ, ಎಲ್ಲಿ ಮಂದಿ ಕೂಡಿತ್ತೋ ಅಲ್ಲೆ ಅದನ್ನ ಹೇಳಿ ನಗಸ್ತಿದ್ದ. ಈಕಿ ಎಲ್ಲಾರ ಜೋಡಿ ನಕ್ಕೋತ ಚಹಾ ಕೊಡತಿದ್ಲು. ಮತ್ತ ಬಸ್ ಹತ್ತಲಿಲ್ಲ.”

ಅರ್ಜಿದಾರನು ನೇತ್ರಾಳಿಂದ ತಿಳಿದ ಈ ಹೇಳಿಕೆಯನ್ನು ತಾಳೆ ನೋಡಿದ್ದಾನೆ. ಮೂಡಲಗಿಯಲ್ಲಿ ನೇತ್ರಾಳ ಬಸುರಿ ಅಕ್ಕನ ಕುಬಸಕ್ಕೆ ತಾವು ಮೊಣಕಾಲು ನೋವೆಂದು ಬರಲಿಲ್ಲ. ಆದರೆ ಅದೇ ವಾರ ಮಾಳಿಗೆ ಹತ್ತಿ ಡಿಶ್ಶಿನ ಛತ್ರಿ ತಿರುಗಿಸಿದ್ದು ಬೀದಿಗೆಲ್ಲ ಕಂಡಿದೆ. ಗೋಕಾಕದ ಲಗ್ನಕ್ಕೆ ಎಮ್ಮೆಯ ನೆಪ ಹೇಳಿದಿರಿ. ಆಗ ಮನೆಯಲ್ಲಿ ಎಮ್ಮೆ ಇರಲೇ ಇಲ್ಲ. ಇಷ್ಟು ವರ್ಷ ಈ ಎರಡನ್ನೂ ಕೂಡಿಸಿ ನೋಡಬೇಕೆಂದು ಅರ್ಜಿದಾರನಿಗೆ ಹೊಳೆಯದೇ ಹೋದದ್ದಕ್ಕೆ ವಿಷಾದವಿದೆ.

ಕಾರಣ, ತಾವು ಊರೂರುಗಳನ್ನು ಬೇಡವೆಂದದ್ದು ಆ ಊರುಗಳ ದೋಷದಿಂದಲ್ಲ, ನಡುವಿನ ಬಸ್ಸಿನ ದೋಷದಿಂದ ಎಂಬುದು ಅರ್ಜಿದಾರನ ತಿಳಿವಳಿಕೆ. ಟಿವಿಯಲ್ಲಿ ಹೋದರೆ ವಾಂತಿ ಬರುವುದಿಲ್ಲ. ಬಂದರೂ ಧೋತರ ಉಟ್ಟವರು ಯಾರೂ ಬಾಜೂ ಇರುವುದಿಲ್ಲ.

7. ಇದನ್ನು ಕೇಳಿದ ಮೇಲೆ ನೇತ್ರಾ ಸಮುದ್ರವನ್ನು ಬಿಟ್ಟುಬಿಡಬಹುದೆಂದು ಅರ್ಜಿದಾರನು ಭಾವಿಸಿದ್ದನು. ಆಕೆ ಬಿಡಲಿಲ್ಲ.

“ಅತ್ತಿನ್ನೂ ಕರಕೊಂಡ ಹೋಗೂಣ್ರಿ” ಎಂದಳು. “ನಾವಿಬ್ಬರ ಹೋದ್ರ ಅವರು ದಿನಾ ಸಂಜೀಕ ಟಿವಿ ಮುಂದ ಕುಂತು ನಮ್ಮನ್ನ ಹುಡಕ್ತಾರ.”

“ಅಷ್ಟ್ ಮಂದ್ಯಾಗ ಎಲ್ಲೆ ಸಿಗತೇವಿ?”

“ಸಿಗಲಿಲ್ಲಂದ್ರ ಅಳ್ತಾರ್ರಿ. ಎಲ್ಲಾರ ಮುಂದ ಅಳಂಗಿಲ್ಲ, ಎಮ್ಮಿ ಕಡೆ ಹೋಗಿ ಅಳ್ತಾರ. ನಾ ನೋಡೇನಿ.”

ಅರ್ಜಿದಾರನು ನೋಡಿರಲಿಲ್ಲ.

8. ಆದ್ದರಿಂದ ಬಸ್ಸನ್ನು ಸಂಪೂರ್ಣವಾಗಿ ಕೈಬಿಟ್ಟು ಹೊಸ ಪ್ರಸ್ತಾವ ಸಿದ್ಧಪಡಿಸಲಾಗಿದೆ. ಘೋಡಗೇರಿಯಿಂದ ಘಟಪ್ರಭಾ ಸ್ಟೇಷನ್ನಿಗೆ ಉದ್ದಪ್ಪನ ಮೂರು ಗಾಲಿಯ ಟಂಟಂ. ಅದಕ್ಕೆ ಬಾಗಿಲಿಲ್ಲ, ಗಾಳಿಗೆ ಕೊರತೆಯಿಲ್ಲ. “ಕಾಕೂನ್ನ ಮುಂದ ನನ್ನ ಬಾಜೂ ಕುಂದ್ರಸ್ತೇನಿ, ಗುಂಡಿ ಬಂದಲ್ಲೆ ಸಾವಕಾಶ ಹೋಗ್ತೇನಿ” ಎಂದು ಉದ್ದಪ್ಪ ಒಪ್ಪಿದ್ದಾನೆ. ಮುಂದೆ ಬೆಳಗಾವಿ, ಲೋಂಡಾ ಹಾದು ವಾಸ್ಕೋದವರೆಗೆ ರೈಲು. ಅಲ್ಲಿ ಸ್ಟೇಷನ್ನಿನಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ರೈಲಿನಲ್ಲಿ ಬಸ್ಸಿನ ವಾಸನೆ ಇರುವುದಿಲ್ಲವೆಂದು ಅರ್ಜಿದಾರನು ಸ್ಟೇಷನ್ನಿಗೆ ಹೋಗಿ, ನಿಂತ ಗಾಡಿಯ ಡಬ್ಬಿ ಹತ್ತಿ, ಮೂಸಿ ಖಚಿತಪಡಿಸಿಕೊಂಡಿದ್ದಾನೆ. ಬೇರೆ ವಾಸನೆಗಳಿವೆ. ಅವು ವಾಂತಿಯ ಜಾತಿಯವಲ್ಲ.

ಎಮ್ಮೆಯನ್ನು ದಾಕ್ಷಾಯಿಣಿ ನೋಡಿಕೊಳ್ಳುವರು. ಸಂಗೀತವನ್ನು ಅವರ ಫೋನಿಗೆ ಹಾಕಿಕೊಡಲಾಗಿದೆ.

ಮೇಲ್ಕಂಡ ಎಲ್ಲ ಕಾರಣಗಳಿಂದ, ಬರುವ ಶನಿವಾರ ತಾವು ಅರ್ಜಿದಾರ ಹಾಗೂ ನೇತ್ರಾಳೊಂದಿಗೆ ಸಮುದ್ರಕ್ಕೆ ಬರಬೇಕು. ಬರಲು ಮನಸ್ಸಿಲ್ಲದಿದ್ದಲ್ಲಿ ನೇತ್ರಾಳನ್ನಾದರೂ ಕಳುಹಿಸಿಕೊಡಬೇಕು. ಅದೂ ಸಾಧ್ಯವಿಲ್ಲದಿದ್ದಲ್ಲಿ, ತಾವು ಇನ್ನೂ ಹೋಗಿಬಂದಿರದ ಒಂದು ಸಮುದ್ರದ ಹೆಸರನ್ನು ಲಿಖಿತವಾಗಿ ತಿಳಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ ಒಬ್ಬನೇ ಮಗ,
ಮಲ್ಲೇಶ
ಸ್ಥಳ: ಅಡುಗೆಮನೆ, ಘೋಡಗೇರಿ. ಮಂಗಳವಾರ.

ಲಗತ್ತುಗಳು:
1) ರೈಲು ಟಿಕೇಟಿನ ಪ್ರತಿ, ಮೂವರದ್ದು.
2) ಪೂನಮ್ ಬಿಡಿಸಿದ ಸಮುದ್ರದ ಚಿತ್ರ. (ಚೌಕಾಕಾರವಾಗಿದೆ, ಕೆಳಗೆ ಎರಡು ಬಟನ್‌ಗಳಿವೆ.)
3) ನಿಂಬೆಹಣ್ಣು, ಎರಡು.

ಷರಾ (ಮಾನ್ಯರ ಸ್ವಹಸ್ತದಲ್ಲಿ, ಪೆನ್ಸಿಲ್):

ಓದಿದೆ. ಭರಮವ್ವನ ಬಾಯಿಗೆ ಬೀಗ ಹಾಕಬೇಕು. ನಾ ಅಳೂದು ಎಮ್ಮಿ ಒದ್ದಾಗ ಅಷ್ಟ. ಬರ್ತೇನಿ. ಕಿಡಕಿ ನಂದು. ದಾರ್ಯಾಗ ಏನರ ಹೆಚ್ಚುಕಡಿಮಿ ಆದ್ರ ಊರಾಗ ಯಾರೂ ಹೇಳಬಾರ್ದು. ಮುದ್ದಾಂ ಮಲ್ಲೇಶ ಹೇಳಬಾರ್ದು. ಅವಂದು ಅಜ್ಜನ ಬಾಯಿ. — ಶಿವಗಂಗವ್ವ

ಅನುಪಾಲನಾ ವರದಿ (ಅರ್ಜಿದಾರನಿಂದ):

ಮೇಲಿನ ಆದೇಶದಂತೆ ಶನಿವಾರ ಮೂವರೂ ಹೊರಟರು. ಟಂಟಂನಲ್ಲಿ ನಡೆದದ್ದನ್ನು ಷರಾದ ಷರತ್ತಿಗೆ ಒಳಪಟ್ಟು ಇಲ್ಲಿ ದಾಖಲಿಸಿಲ್ಲ. ಉದ್ದಪ್ಪನಿಗೆ ಹೊಸ ಅಂಗಿ ಕೊಡಿಸಲಾಗಿದೆ. ರೈಲಿನಲ್ಲಿ ಏನೂ ಆಗಲಿಲ್ಲ. ಮಾನ್ಯರು ಲೋಂಡಾ ದಾಟುವವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಕಾಡು ಬಂದ ಮೇಲೆ ತೆರೆದವರು ಮತ್ತೆ ಮುಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನೇತ್ರಾ ಸೀರೆ ಎತ್ತಿ ಕಟ್ಟಿ ನೇರ ನೀರಿಗೆ ನಡೆದಳು. ಮಾನ್ಯರು ದೂರವೇ ನಿಂತು, “ನಾ ಹೇಳಿರಲಿಲ್ಲೇನು, ನೀರಂದ್ರ ನೀರ” ಎಂದರು. ನೇತ್ರಾ ತಿರುಗಿ ಬಂದು ಅವರ ಕೈ ಹಿಡಿದು ಎಳೆದೊಯ್ದಳು. ತೆರೆ ಬಂದು ಪಾದ ಮುಚ್ಚಿತು. ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಉಸುಕನ್ನೂ ಎಳೆದುಕೊಂಡಿತು. ಮಾನ್ಯರು ಸೊಸೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕೂಗಿದರು:

“ಏ ನೇತ್ರಾ, ನೆಲಾ ಜಗ್ಗಾಕತ್ತೈತಲ್ಲ! ಇದನ್ನ ಅವರು ತೋರಸೇ ಇಲ್ಲ!”

ಮಧ್ಯಾಹ್ನ ಅರ್ಜಿದಾರನು ಊಟಕ್ಕೆ ಮೂರು ಸಲ ಕರೆದನು. ಇಬ್ಬರೂ ನೀರಿನಿಂದ ಹೊರಗೆ ಬರಲಿಲ್ಲ.