‘ಹೋಗಿ ಬನ್ನಿ’ ಅನ್ನದ ಹೋಟೆಲು

ಊಟ ಚೆನ್ನಾಗಿಲ್ಲದಿದ್ದರೆ ಬೇರೆ ಹೋಟೆಲುಗಳಲ್ಲಿ ಗಿರಾಕಿಗಳು ದನಿ ಏರಿಸುತ್ತಾರೆ, ನಮ್ಮಲ್ಲಿ ತಗ್ಗಿಸುತ್ತಾರೆ. ಕಳೆದ ವರ್ಷವೆಲ್ಲ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇತ್ತು.

ನಮ್ಮಲ್ಲಿ ಅಂದರೆ ನಮ್ಮ ದೊಡ್ಡಮ್ಮನ ಹೋಟೆಲಿನಲ್ಲಿ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಬೆಟ್ಟ ಹತ್ತುವ ರಸ್ತೆಯಲ್ಲಿ, ಹೆಬ್ಬೆ ಫಾಲ್ಸ್ ನೋಡಲು ಹೋಗುವವರು ನಿಲ್ಲಿಸಲಿ ಅಂತ ಮಾಡಿದ್ದು. ಮಧ್ಯಾಹ್ನ ಎರಡಕ್ಕೇ ಮಂಜು ಬಂದು ಬಾಗಿಲಲ್ಲಿ ನಿಲ್ಲುತ್ತದೆ, ಒಳಗೆ ಬರಲಾ ಅಂತ ಕೇಳುವ ಹಾಗೆ.

ದೊಡ್ಡಮ್ಮ ಇಪ್ಪತ್ತು ವರ್ಷ ಶಿವನಿ ಸ್ಟೇಷನ್ ಎದುರು ಟೀ ಅಂಗಡಿ ಇಟ್ಟಿದ್ದವರು. ರೈಲು ನಿಂತಾಗ ಬಂದು, ಹೊರಟಾಗ ಮಾಯವಾಗುವ ಮುಖಗಳನ್ನು ನೋಡಿ ನೋಡಿ ಸಾಕಾಗಿತ್ತು. “ತಿರುಗಿ ಬರೋ ಗಿರಾಕಿ ಬೇಕು ಕಣೇ ನಂಗೆ” ಅಂತ ಅದನ್ನು ಬಿಟ್ಟು ಇಲ್ಲಿಗೆ ಬಂದರು. ವರ್ಷವಾದರೂ ಒಬ್ಬರೂ ತಿರುಗಿ ಬಂದಿರಲಿಲ್ಲ. ದೀಪಾವಳಿಯೊಳಗೆ ಒಬ್ಬರಾದರೂ ಎರಡನೇ ಸಲ ಬಂದು ಎಲೆ ಮುಂದೆ ಕೂತರೆ ಸರಿ, ಇಲ್ಲದಿದ್ದರೆ ಹೋಟೆಲಿಗೆ ಬೀಗ ಅಂತ ತೀರ್ಮಾನಿಸಿಬಿಟ್ಟಿದ್ದರು.

ಅಡುಗೆಗೆ ಇದ್ದದ್ದು ಅಜ್ಜಂಪುರ ಕಡೆಯ ಒಬ್ಬ ಅಜ್ಜ. ಮೂವತ್ತು ವರ್ಷ ಶಿವಗಣಾರಾಧನೆಗೆ, ಅಂದರೆ ಹನ್ನೊಂದನೇ ದಿನದ ಸಾವಿನೂಟಕ್ಕೆ ಮಾತ್ರ ಸೌಟು ಹಿಡಿದವರು. ಅಂಥ ಒಂದು ಊಟದಲ್ಲಿ ಅಳುತ್ತಿದ್ದವರೂ ಎರಡೆರಡು ಸಲ ಸಾರು ಹಾಕಿಸಿಕೊಂಡಿದ್ದನ್ನು ಕಂಡು ದೊಡ್ಡಮ್ಮ ಕರೆತಂದಿದ್ದರು. ನಾನು ಕಡೂರಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿ ಡಿಗ್ರಿ ಮುಗಿಸಿದವಳು. ಹೊಸಬರ ಹತ್ತಿರ ಮಾತಾಡಲು ನಾಚಿಕೆ. ಆರ್ಡರ್ ಬರೆದುಕೊಳ್ಳುವ ಕೆಲಸ ನನಗೇ ಬಿತ್ತು.

ಕುಂಬಳಕಾಯಿ

ಬೆಂಗಳೂರಿನ ಒಂದು ಸಂಸಾರ ಗೋಬಿ ಮಂಚೂರಿ, ವೆಜ್ ಪಲಾವ್ ಹೇಳಿತು. ಅಜ್ಜ ನನ್ನ ಚೀಟಿ ಓದಿದರು, ಮಡಚಿ ಸೊಂಟಕ್ಕೆ ಸಿಕ್ಕಿಸಿದರು, ಸಾವಿನೂಟಕ್ಕೆ ಮಾಡುವ ಹಾಗೇ ಕುಂಬಳಕಾಯಿ ಪಲ್ಯ, ಅನ್ನ, ಸಾರು, ಪಾಯಸ ಬಡಿಸಿದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ತಗ್ಗಿಸಿದ ತಲೆ. ಪಾತ್ರೆಯ ಸದ್ದೂ ಇಲ್ಲ.

ಮನೆಯ ಯಜಮಾನರು “ನಾವು ಕೇಳಿದ್ದು ಇದಲ್ಲ” ಅಂದರು.

ಅಜ್ಜ ಅವರ ಹೆಗಲ ಮೇಲೆ ಕೈಯಿಟ್ಟು, “ಕೇಳಿದ್ದೆಲ್ಲ ಸಿಗ್ತದಾ ಸ್ವಾಮಿ? ನಮ್ ಕೈಲೇನೈತೆ. ಉಣ್ಣಿ” ಅಂದರು.

ಅವರು ಉಂಡರು, ಪಿಸುಮಾತಿನಲ್ಲಿ. ಕೈತೊಳೆಯಲು ಎದ್ದ ಹೆಂಗಸು ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡು, “ಸೋ ಸಾರಿ ಫಾರ್ ಯುವರ್ ಲಾಸ್” ಅಂದರು. ಹಾಗೇನಿಲ್ಲ ಅಂತ ಹೇಳಬೇಕಿತ್ತು. ನಾಚಿಕೆಗೆ ನನ್ನ ಬಾಯಿಂದ ಬಂದದ್ದು “ಥ್ಯಾಂಕ್ಯೂ.”

ಹಿರಿಯರು

ಬೋರ್ಡು ಚೆನ್ನಾಗಿದ್ದರೆ ಜನ ಬರುತ್ತಾರೆ ಅನ್ನಿಸಿತು. ಸೀನಿಯರ್ ಸಿಟಿಜನ್ನರಿಗೆ ಸ್ಪೆಷಲ್ ಪ್ಲೇಟ್ ಅನ್ನುವುದನ್ನು ಅಚ್ಚಗನ್ನಡದಲ್ಲಿ ಬರೆಯಬೇಕಿತ್ತು. ಹಬ್ಬದಲ್ಲಿ ಮನೆಯವರು ‘ಎಡೆ’ ಅನ್ನುವುದನ್ನು ಕೇಳಿದ್ದೆ, ಬಡಿಸಿದ ತಟ್ಟೆ ಇರಬೇಕು ಅಂದುಕೊಂಡಿದ್ದೆ. ‘ಹಿರಿಯರಿಗೆ ವಿಶೇಷ ಎಡೆ’ ಅಂತ ದೊಡ್ಡದಾಗಿ ಬರೆದು ನಿಲ್ಲಿಸಿದೆ. ಸತ್ತುಹೋದ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚುವುದನ್ನು ಎಡೆ ಅನ್ನುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ಅಮೃತಾಪುರದ ದೇವಸ್ಥಾನ ನೋಡಿಕೊಂಡು ಆರು ಜನ ವಯಸ್ಸಾದವರು ಟೆಂಪೋದಲ್ಲಿ ಬಂದರು. ಕನ್ನಡಕ ಯಾರೂ ಹಾಕಿಕೊಳ್ಳಲಿಲ್ಲ, ಬೋರ್ಡು ಯಾರೂ ಓದಲಿಲ್ಲ. ಬೋರ್ಡು ಓದಿದವರು ಅಜ್ಜ ಒಬ್ಬರೇ. ಆರು ಎಲೆ ಹಾಕಿದರು, ಬಡಿಸಿದರು, ಊದುಬತ್ತಿ ಹಚ್ಚಿ ಕೈಮುಗಿದರು. ಆಮೇಲೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬಂದು ಬಾಗಿಲು ಎಳೆದುಕೊಂಡರು. ನಾನು ಏನೋ ಕೇಳಹೊರಟರೆ ಬಾಯಿ ಮೇಲೆ ಬೆರಳಿಟ್ಟರು. ಒಳಗೆ ಉಸಿರಿನ ಸದ್ದೂ ಇಲ್ಲ. ಕಾಲು ಗಂಟೆಯಾದ ಮೇಲೆ, ಒಳಗಿದ್ದವರಿಗೆ ತಿಳಿಯಲಿ ಅಂತ ಮೂರು ಸಲ ಕೆಮ್ಮಿ, ಮೆಲ್ಲಗೆ ಬಾಗಿಲು ತೆರೆದರು.

ಹೊಗೆಯ ನಡುವೆ ಆರೂ ಜನ ನೆಟ್ಟಗೆ ಕೂತಿದ್ದರು. ಒಂದು ಅಗುಳೂ ಅಲುಗಿರಲಿಲ್ಲ.

“ಯಾಕೆ, ಊಟ ಮಾಡ್ಲಿಲ್ಲ?” ಅಂದೆ.

ಒಬ್ಬ ಅಜ್ಜಿ ತುಟಿ ಅಲುಗಿಸದೆ ಅಂದರು: “ಉಂಡ್ರೆ ಒಪ್ಕೊಂಡಂಗಾಯ್ತದೆ ಕಣವ್ವ.”

ಬನ್ನಿ

ಬೋರ್ಡು ಒಲೆಗೆ ಹೋಯಿತು. ದೀಪಾವಳಿಗೆ ಹತ್ತು ದಿನ ಉಳಿದಿತ್ತು. ದೊಡ್ಡಮ್ಮ ಬೀರು ಹುಡುಕಿ ಹಳೇ ಬೀಗಕ್ಕೆ ಎಣ್ಣೆ ಬಿಡುತ್ತ ಕೂತಿದ್ದರು. ಆಗ ನಾನು ಒಂದು ವಿಷಯ ಗಮನಿಸಿದೆ: ಹೊರಡುವ ಗಿರಾಕಿಗಳು “ಬರ್ತೀವಿ ಅಜ್ಜ” ಅಂದರೆ ಅಜ್ಜ ಮುಖ ತಿರುಗಿಸಿಬಿಡುತ್ತಿದ್ದರು.

ಕೇಳಿದೆ. “ಸಾವಿನ ಮನೆಯಿಂದ ಹೊರಡೋರಿಗೆ ಹೋಗ್ ಬನ್ನಿ ಅಂತಾರೇನವ್ವ?” ಅಂದರು. “ಬನ್ನಿ ಅಂದ್ರೆ ಇನ್ನೊಂದು ಸಾವಾಗ್ಲಿ ಅಂದಂಗೆ.”

“ಇದು ಸಾವಿನ ಮನೆ ಅಲ್ಲ ಅಜ್ಜ, ಹೋಟೆಲು.”

ಅಜ್ಜ ಖಾಲಿ ಮೇಜುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ಗೊತ್ತು. ನೋಡಿದ್ರೆ ಹಂಗನ್ಸಲ್ಲ.”

ದೊಡ್ಡಮ್ಮ ಬೀಗ ಕೆಳಗಿಟ್ಟು, “ವರ್ಷವೆಲ್ಲ ನೀವೇ ತಿರುಗಿ ಬರದಂಗೆ ಕಳಿಸ್ಬಿಟ್ಟಿದ್ದೀರ ಎಲ್ಲರನ್ನೂ. ಇವತ್ತಿಂದ ಹೋಗಿ ಬನ್ನಿ ಅನ್ಲೇಬೇಕು” ಅಂದರು. ಮೂವತ್ತು ವರ್ಷ ಆಡದ ಮಾತು, ನಾಲಿಗೆ ಹೊರಳಲಿಲ್ಲ. ಅಜ್ಜ ಅಡುಗೆಮನೆಯ ಕತ್ತಲಲ್ಲಿ ಗ್ಯಾಸ್ ಸಿಲಿಂಡರಿನ ಎದುರು ನಿಂತು ಅಭ್ಯಾಸ ಮಾಡತೊಡಗಿದರು. ಮಂಜಿನಲ್ಲಿ ಆಗತಾನೇ ಒಳಗೆ ಬಂದ ನಾಲ್ಕು ಹುಡುಗಿಯರಿಗೆ ಗೋಡೆಯಾಚೆಯಿಂದ ಒಂದು ಗೊಗ್ಗರು ದನಿ ಕೇಳಿಸಿತು: “ಬನ್ನಿ... ಬನ್ನಿ...”

ನೀರಿನ ಲೋಟ ಇಡುವಷ್ಟರಲ್ಲಿ ಕುರ್ಚಿಗಳು ಖಾಲಿ.

ಒಂದೇ ರಸ್ತೆ

ದೀಪಾವಳಿಯ ಹಿಂದಿನ ಭಾನುವಾರ, ಮಧ್ಯಾಹ್ನ ಮೂರಕ್ಕೆ, ಹೊಸದಾಗಿ ಮದುವೆಯಾದ ಜೋಡಿಯೊಂದು ಕಾರಿನಲ್ಲಿ ಬಂತು. ಅವತ್ತಿಗೆ ಅವರೇ ಕೊನೆ. ಕುಂಬಳಕಾಯಿಯನ್ನು ಎಲೆಯ ಅಂಚಿಗೆ ತಳ್ಳಿ, ಅರ್ಧಕ್ಕೇ ಎದ್ದರು. ದೊಡ್ಡಮ್ಮ ಎಲೆಗಳನ್ನು ನೋಡಿದರು. ಬೀಗ ತಂದು ಮೇಜಿನ ಮೇಲಿಟ್ಟರು.

ಅಜ್ಜ ಮಾತ್ರ ಅವರ ಹಿಂದೆಯೇ ರಸ್ತೆಗೆ ಬಂದರು. ಮಂಜಿನಲ್ಲಿ ಪಂಚೆಯೂ ಕಾಣದು, ವಿಭೂತಿ ಮಾತ್ರ ತೇಲುತ್ತಿತ್ತು. ಕಾರಿನ ಕಿಟಕಿಯೊಳಗೆ ಬಗ್ಗಿ, ಕೈಯೆತ್ತಿ, ಒಂದೊಂದೇ ಅಕ್ಷರ ಬಿಡಿಸಿ ಅಂದರು: “ಹೋ...ಗಿ... ಬ...ನ್ನಿ.”

ಕಾರು ತರೀಕೆರೆ ಕಡೆಗೆ ಇಳಿದು ಹೋಯಿತು. ಹತ್ತು ನಿಮಿಷಕ್ಕೆ ಕೆಳಗಿನ ತಿರುವಿನಲ್ಲಿ ದೀಪ ಕಂಡಿತು. ಅದೇ ಕಾರು. ಹುಡುಗ ಗಾಜಿಳಿಸಿ, “ತರೀಕೆರೆಗೆ ಹೆಂಗೆ ಹೋಗೋದು?” ಅಂದ. ಅಜ್ಜ ದಾರಿ ತೋರಿಸಿ, ಮರೆಯದೆ “ಹೋಗಿ ಬನ್ನಿ” ಅಂದರು. ಇನ್ನು ಕಾಲು ಗಂಟೆಗೆ ಮತ್ತೆ ಅದೇ ಕಾರು. ಈಗ ಹುಡುಗಿ ಅಳುತ್ತಿದ್ದಳು. ನಮ್ಮಿಂದ ಕೆಳಕ್ಕೆ ಇರುವುದು ಒಂದೇ ರಸ್ತೆ. ತಿರುವುಗಳಿವೆ, ಕವಲುಗಳಿಲ್ಲ. ಹೇಗೆ ತಿರುಗಿ ಬಂದರೋ ಇವತ್ತಿಗೂ ನನಗೆ ತಿಳಿಯದು.

ಅದನ್ನು ಕೇಳುವ ಸಹನೆ ದೊಡ್ಡಮ್ಮನಿಗಿರಲಿಲ್ಲ. “ಬಂದ್ರಲ್ಲೇ” ಅಂತ ಬಾಗಿಲಿಗೆ ಓಡಿ, ಇಬ್ಬರ ಕೈ ಹಿಡಿದು ಒಳಗೆ ಕರೆತಂದು, ತಾವೇ ಎಲೆ ಹಾಕಿ ಬಿಸಿ ಸಾರು ಬಡಿಸಿದರು. ಚಳಿಗೋ ಹೆದರಿಕೆಗೋ, ಅವರು ಎಲೆ ಖಾಲಿ ಮಾಡಿದರು. ಬೀಗ ಬೀರುವಿಗೆ ಹೋಯಿತು.

ಮಂಜು ಸ್ವಲ್ಪ ತೆಳುವಾದಾಗ ಹೊರಟರು. ಅಜ್ಜ ಪಂಚೆ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಕೈಯೆತ್ತುವುದರೊಳಗೆ ಆ ಹುಡುಗ ಕಾರಿನಿಂದಿಳಿದು ಅವರ ಕಾಲಿಗೇ ಬಿದ್ದ.

“ಅಜ್ಜ, ನಿಮ್ ದಮ್ಮಯ್ಯ. ಈ ಸಲ ‘ಹೋಗಿ’ ಅಂತ ಮಾತ್ರ ಹೇಳಿ.”