ತಟ್ಟಿ ನೋಡುವ ನಮ್ಮ ಭಾವ

ನಮ್ಮ ಭಾವ ದೇವರನ್ನು ನಂಬುತ್ತಾರೆ, ದೇವಸ್ಥಾನದ ಚಾವಣಿಯನ್ನು ನಂಬುವುದಿಲ್ಲ! ಕಂಬಕ್ಕೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಕೈಮುಗಿಯುತ್ತಾರೆ. ನಮ್ಮ ಅಕ್ಕನನ್ನು ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಅವಳು ಕೊಟ್ಟ ಕಾಫಿಯನ್ನು ಇವತ್ತಿಗೂ ಮೂಸಿ ನೋಡಿಯೇ ಕುಡಿಯುವುದು.

ಅವರನ್ನು ಕೆಡಿಸಿದ್ದು ಕಸುಬು. ಹೊಸನಗರದ ಕಡೆ ಒಂದು ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿ. ಬೆಳಿಗ್ಗೆ ಕೆಲಸದವರು ಇಳಿಯುವ ಮೊದಲು ಬಂಡೆಯನ್ನು ಹಾರೆಯಿಂದ ತಟ್ಟುತ್ತಾ ಹೋಗಬೇಕು. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಬಿರುಕು, ಯಾರೂ ಇಳಿಯುವಂತಿಲ್ಲ. ನಿಯಮವೇನೋ ಸರ್ಕಾರದ್ದು. ಅದನ್ನು ಕ್ವಾರಿಯ ಗೇಟಿನಿಂದಾಚೆಗೂ ಹೊತ್ತು ತಿರುಗುವವರು ಮಾತ್ರ ನಮ್ಮ ಭಾವ ಒಬ್ಬರೇ! ತೀರ್ಥಹಳ್ಳಿಯಲ್ಲಿ ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವರು ಜಗುಲಿಯ ಗೋಡೆ ತಟ್ಟುತ್ತಿದ್ದರು. ಕೊನೆಗೆ ನನ್ನ ಕಿವಿಯಲ್ಲಿ, "ಗೋಡೆ ಗಟ್ಟಿ ಇದೆ, ಒಪ್ಕೋ ಮಾರಾಯ" ಎಂದರು. ಒಪ್ಪಿಕೊಂಡೆ. ಗೋಡೆಯ ವಿಚಾರದಲ್ಲಿ ನನ್ನದು ಇವತ್ತಿಗೂ ದೂರಿಲ್ಲ.

ಒಮ್ಮೆ ಮಾಲೀಕರು ತಪಾಸಣೆಯ ಅಧಿಕಾರಿ ಬರುತ್ತಾರೆಂದು ಹೊಸ ಹೆಲ್ಮೆಟ್‌ಗಳನ್ನು ತರಿಸಿದರು. ಭಾವ ಒಂದನ್ನು ನೆಲದ ಮೇಲಿಟ್ಟು, ಮೇಲಿಂದ ತೆಂಗಿನಕಾಯಿ ಗಾತ್ರದ ಕಲ್ಲು ಬಿಟ್ಟರು. ಹೆಲ್ಮೆಟ್ ಚೂರುಚೂರು! ಸರ್ಕಾರದ ಮುದ್ರೆ ಇರುವ ಮಾಲು ಎಂದು ಮಾಲೀಕರು ಕೂಗಾಡಿದರಂತೆ. ಭಾವ ಚೂರುಗಳಲ್ಲಿ ಕೈಯಾಡಿಸಿ ಒಂದನ್ನು ಆರಿಸಿ ಅವರ ಕೈಗಿಟ್ಟರು.

"ಮುದ್ರೆ ಗಟ್ಟಿ ಇದೆ ಸ್ವಾಮಿ. ಅದೊಂದು ಒಡೆದಿಲ್ಲ."

ಕಳೆದ ವರ್ಷ ನಿಯಮದ ಪ್ರಕಾರ ಎಲ್ಲರ ಎದೆ ಪರೀಕ್ಷೆ ನಡೆಯಿತು. ಕ್ವಾರಿಗೇ ಎಕ್ಸ್‌ರೇ ಯಂತ್ರದ ಒಂದು ವ್ಯಾನು ಬಂದು ಹೋಯಿತು. ವಾರದಲ್ಲಿ ವರದಿಯೂ ಬಂತು. ಇಪ್ಪತ್ತೆರಡು ಜನರೂ ಆರೋಗ್ಯವಂತರು! ಭಾವ ಒಂದೊಂದೇ ಓದುತ್ತಾ ಏಳನೆಯದಕ್ಕೆ ನಿಂತರು. ಆ ಮನುಷ್ಯ ಅವತ್ತು ಕೆಲಸಕ್ಕೇ ಬಂದಿರಲಿಲ್ಲ. ಬಾರದವನ ಎದೆಯನ್ನು ಯಾವ ಯಂತ್ರ ನೋಡಿತು? ಅಧಿಕಾರಿಗೆ ಬರೆಯುತ್ತೇನೆಂದು ಹಟ ಹಿಡಿದು, ಮಾಲೀಕರಿಂದಲೇ ಬಸ್ಸು ಮಾಡಿಸಿ, ಅಷ್ಟೂ ಜನರನ್ನು ಸಾಗರದ ಒಬ್ಬ ಎದೆ ಡಾಕ್ಟರ ಹತ್ತಿರ ಹೊರಡಿಸಿದರು.

ಅಕ್ಕ ನನ್ನನ್ನೂ ಬಸ್ಸು ಹತ್ತಿಸಿದಳು. ಭಾವನಿಗೆ ಮೂರು ತಿಂಗಳಿಂದ ಕೆಮ್ಮು, ಕೇಳಿದರೆ ಬರೀ ದೂಳು ಅನ್ನುತ್ತಾರೆ, ಹೇಗಾದರೂ ಮಾಡಿ ಅವರನ್ನೂ ಒಳಗೆ ಕೂರಿಸು ಎಂದಳು. ನೋಡಿ, ಲೋಕವನ್ನೆಲ್ಲ ಅನುಮಾನಿಸುವ ಮನುಷ್ಯನಿಗೆ ತನ್ನ ಕೆಮ್ಮಿನ ಮೇಲೆ ಮಾತ್ರ ಅನುಮಾನವಿಲ್ಲ! ಹೇಳಿದರೆ ಕೇಳುವ ಆಸಾಮಿಯೇ? ಸಾಗರದಲ್ಲಿ ಡಾಕ್ಟರ ಕೋಣೆಯ ಹೊರಗೆ ಕೂತಾಗ ಅವರ ಅನುಮಾನದ ಹಾರೆಯನ್ನೇ ನಾನು ಎತ್ತಿಕೊಂಡೆ.

"ಭಾವ, ಈ ಡಾಕ್ಟ್ರೂ ಆ ವ್ಯಾನಿನವ್ರ ಹಂಗೇ ಇದ್ರೆ? ಹೆಲ್ಮೆಟ್ ನೋಡ್ದಂಗೆ ಮೊದ್ಲು ನೀವೇ ಒಂದ್ಸಲ ನೋಡ್ಬೇಡ್ವಾ?"

ತಕ್ಷಣ ಎದ್ದು ಒಳಗೆ ಹೋಗಿ ಅಂಗಿ ಬಿಚ್ಚಿದರು. ಹಿಂದೆಯೇ ಒಳಗೆ ಹೋದ ನಾನು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಡಾಕ್ಟರು ಭಾವನ ಬೆನ್ನಿನ ಮೇಲೆ ಒಂದು ಬೆರಳಿಟ್ಟು, ಅದರ ಮೇಲೆ ಇನ್ನೊಂದು ಬೆರಳಿನಿಂದ ತಟ್ಟುತ್ತಾ ಬಂದರು. ಬಂಡೆಯ ಮುಂದೆ ನಿಂತಾಗಿನಂತೆ ಭಾವನ ಕತ್ತು ವಾಲಿತು. ಎಡಗಡೆ ಸರಿಯಿತ್ತು. ಬಲಗಡೆ ಕೆಳಗೆ ಬರುವಾಗ ಸದ್ದು ಬದಲಾಯಿತು, ನನಗೂ ಕೇಳಿಸಿತು.

"ಅಲ್ಲೇ ಇನ್ನೊಂದ್ಸಲ ತಟ್ಟಿ" ಎಂದರು ಭಾವ.

ತಟ್ಟಿದರು. ಡಬ್.

ಎಕ್ಸ್‌ರೇ ಆಗಬೇಕು, ರಕ್ತ, ಕಫ ಎಲ್ಲ ನೋಡಬೇಕು ಎಂದು ಡಾಕ್ಟರು ಬರೆಯತೊಡಗಿದರು. ಭಾವ ಅಂಗಿ ತೊಟ್ಟರು. ಗುಂಡಿ ನಾನೇ ಹಾಕಿದೆ. ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಹೆಗಲು ಹಿಡಿದು ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದರು.

"ಈ ಡಾಕ್ಟ್ರನ್ನ ನಂಬಬಹುದು ಮಾರಾಯ. ನಮ್ಮವರನ್ನ ಒಬ್ಬೊಬ್ರಾಗಿ ಒಳಗೆ ಕಳ್ಸು."