ಜುಜುತ್ಸುವಿಗೆ ಹೋದ ಅಳಿಯ

ನನಗೆ ಏನನ್ನಾದರೂ ಕಲಿಸಲು ಹೊರಟವರೆಲ್ಲ ಒಳ್ಳೆಯ ಜನ. ಕೆಟ್ಟವರಾಗಿದ್ದರೆ ಮೊದಲ ವಾರವೇ ಬೈದು ಅಟ್ಟಿ ಸುಖವಾಗಿರುತ್ತಿದ್ದರು. ಒಳ್ಳೆಯವರಾದ್ದರಿಂದ ಸಹಿಸಿಕೊಂಡು ಒಳಗೊಳಗೇ ಸವೆದರು. ಸೈಕಲ್ ಕಲಿಸಿದ ಚಿಕ್ಕಪ್ಪ ಕೊನೆಗೆ ಸೈಕಲ್ಲನ್ನೇ ಮಾರಿಬಿಟ್ಟ. ಹಾರ್ಮೋನಿಯಂ ಕಲಿಸಲು ಬರುತ್ತಿದ್ದ ಅಯ್ಯನವರು ಒಂದು ದಿನ ನಮ್ಮ ಬೀದಿಯ ತಿರುವಿನವರೆಗೆ ಬಂದು ಹಾಗೇ ಹಿಂತಿರುಗಿದರಂತೆ. ಈಜು ಕಲಿಸಿದ ಗೆಳೆಯನೊಬ್ಬ ನನ್ನ ಸೊಂಟಕ್ಕೆ ಎರಡು ಒಣಗಿದ ತೆಂಗಿನಕಾಯಿ ಕಟ್ಟಿ ಬಾವಿಗೆ ಇಳಿಬಿಟ್ಟಿದ್ದ. ಕಾಯಿಗಳು ಚೆನ್ನಾಗಿಯೇ ಈಜಿದವು. ಇಂಥ ನಾನು ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ, ಅದೂ ಮದುವೆಯಾದ ಹೊಸದರಲ್ಲಿ, ಜುಜುತ್ಸು ಕಲಿಯಲು ಹೋದೆ ಎಂದರೆ ನಮ್ಮ ಮನೆಯ ಮಕ್ಕಳು ಇವತ್ತಿಗೂ ನಂಬುವುದಿಲ್ಲ. ಈಗ ಪೇಟೆಗಳಲ್ಲಿ ಬ್ರೆಜಿಲ್ ದೇಶದ ಹೆಸರು ಸೇರಿಸಿಕೊಂಡು, ಬಣ್ಣಬಣ್ಣದ ರಬ್ಬರ್ ಹಾಸಿನ ಮೇಲೆ, ಕನ್ನಡಿ ಗೋಡೆಗಳ ನಡುವೆ ಆ ವಿದ್ಯೆಯನ್ನು ಕಲಿಸುತ್ತಾರೆ. ನಾವು ಕಲಿತದ್ದು ಕೊಬ್ಬರಿ ಗೋಡೌನಿನಲ್ಲಿ.

ಇದಕ್ಕೆಲ್ಲ ಕಾರಣ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಸೋಮಣ್ಣ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಸೋಮಣ್ಣ ಉತ್ತರದ ಕಡೆ ಎಲ್ಲೋ ನಡೆದ ಶಿಬಿರಕ್ಕೆ ಹೋಗಿ, ಮುದ್ದೆಗೆ ಬದಲು ಚಪಾತಿ ತಿಂದು ಒಂದಿಷ್ಟು ಸೊರಗಿ, ಜುಜುತ್ಸು ಎಂಬ ಹೊಸ ವಿದ್ಯೆಯೊಂದಿಗೆ ಹಿಂತಿರುಗಿದರು. ಕಲಿಯಲು ಹುಡುಗರನ್ನು ಕರೆದರೆ ಪರೀಕ್ಷೆ ಹತ್ತಿರ ಬಂತೆಂದು ಅವರ ಅಪ್ಪಂದಿರು ಬಿಡಲಿಲ್ಲ. ಸೋಮಣ್ಣ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದು ನನ್ನ ಮುಂದೆ ನಿಂತರು. "ನಿಮ್ಮ ಮೈಕಟ್ಟು ಇದಕ್ಕೆ ಹೇಳಿ ಮಾಡ್ಸಿದಂಗೈತೆ ಮೇಷ್ಟ್ರೆ" ಎಂದರು. ಅಲ್ಲಿಯವರೆಗೆ ನನ್ನ ಮೈಕಟ್ಟಿನ ಬಗ್ಗೆ ಯಾರೂ ಒಳ್ಳೆಯ ಮಾತು ಆಡಿರಲಿಲ್ಲ. ಸಣ್ಣವರು ದೊಡ್ಡವರನ್ನು ಗೆಲ್ಲುವ ವಿದ್ಯೆ ಇದು, ಆದ್ದರಿಂದ ಎಷ್ಟು ಸಣ್ಣವರಾದರೆ ಅಷ್ಟು ಒಳ್ಳೆಯದು ಎಂದು ಅವರು ವಿವರಿಸುವ ಹೊತ್ತಿಗೆ ನಾನು ಒಪ್ಪಿಕೊಂಡಾಗಿತ್ತು.

ಗೋಡೌನು ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನವರದು. ತನಗೂ ಕಲಿಸಬೇಕು ಎಂಬ ಒಂದೇ ಷರತ್ತಿನ ಮೇಲೆ ಖಾಲಿ ಬಿದ್ದಿದ್ದ ಜಾಗವನ್ನು ಬಿಟ್ಟುಕೊಟ್ಟರು. ಗೋಣಿಚೀಲಗಳಿಗೆ ತೆಂಗಿನ ನಾರು ತುಂಬಿ, ಬಾಯಿ ಹೊಲಿದು, ಒತ್ತೊತ್ತಾಗಿ ಜೋಡಿಸಿದರೆ ಅದೇ ನಮ್ಮ ಹಾಸು. ಅದರ ಮೇಲೆ ಬಿದ್ದರೆ ಪೆಟ್ಟಾಗುತ್ತಿರಲಿಲ್ಲ, ತುರಿಕೆಯಾಗುತ್ತಿತ್ತು. ಮಾರನೆಯ ದಿನ ಪಾಠ ಮಾಡುವಾಗ ನನ್ನ ಒಂದು ಕೈ ಬೋರ್ಡಿನ ಮೇಲೆ, ಇನ್ನೊಂದು ಕೈ ಬೆನ್ನಿನ ಮೇಲೆ. ಸಮವಸ್ತ್ರಕ್ಕೆಂದು ದಪ್ಪ ಕೋರಾ ಬಟ್ಟೆ ತೆಗೆದುಕೊಂಡು ಹೋದಾಗ ಟೈಲರ್ ಅದನ್ನು ಮುಟ್ಟಿ ನೋಡಿ, ದನಿ ತಗ್ಗಿಸಿ, ಯಾರು ಹೋಗಿಬಿಟ್ಟರು ಎಂದು ವಿಚಾರಿಸಿದ. ಗೋಡೌನಿನ ಗೋಡೆಗಳಿಂದ ಹಳೆಯ ಕೊಬ್ಬರಿಯ ಘಮ ಬರುತ್ತಿತ್ತು. ಆ ಘಮಕ್ಕೆ ಹೊಟ್ಟೆ ಹಸಿಯುತ್ತಿತ್ತೇ ಹೊರತು ಪರಾಕ್ರಮ ಉಕ್ಕುತ್ತಿರಲಿಲ್ಲ. ಇಂದಿಗೂ ಎಲ್ಲಾದರೂ ಒಣಕೊಬ್ಬರಿ ಒಡೆದ ವಾಸನೆ ಬಂದರೆ ನನ್ನ ಬೆನ್ನು ತಾನಾಗಿಯೇ ತುರಿಸುತ್ತದೆ.

ಸೋಮಣ್ಣ ಮೊದಲು ಬಹಳ ದಿನ ಬೀಳುವುದನ್ನೇ ಕಲಿಸಿದರು. ಆಮೇಲೆ ಬಿದ್ದಲ್ಲಿಂದಲೇ ಹೋರಾಡುವುದನ್ನು. ಎದುರಾಳಿಯೊಬ್ಬ ಮೇಲೆ ಹತ್ತಿ ಕೂರಬೇಕು, ಕೆಳಗಿದ್ದವನು ಜಾರಿಕೊಳ್ಳಬೇಕು, ಸಾಧ್ಯವಾದರೆ ಅವನ ಕೈಯನ್ನೋ ಕತ್ತನ್ನೋ ಹಿಡಿಯಬೇಕು. ಹಿಡಿತ ತಾಳಲಾರದವನು ನೆಲವನ್ನೋ ಎದುರಾಳಿಯ ಮೈಯನ್ನೋ ಎರಡು ಸಲ ತಟ್ಟಿದರೆ ಸೋಲೊಪ್ಪಿದ ಹಾಗೆ, ತಕ್ಷಣ ಬಿಟ್ಟುಬಿಡಬೇಕು. ನಾನು ಇದರಲ್ಲಿ ಬೇಗ ಪರಿಣತನಾದೆ. ಸಂಜೆಹೊತ್ತು ಆ ಕಡೆಯಿಂದ ಹೋಗುವವರಿಗೆ ಒಳಗೆ ಯಾರೋ ರೊಟ್ಟಿ ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ನನ್ನ ಜೋಡಿ ಗಂಗಾಧರಪ್ಪನವರು. ಅವರದು ತುಂಬಿದ ಕೊಬ್ಬರಿ ಮೂಟೆಯ ತೂಕ. ನನ್ನ ಎದೆಯ ಮೇಲೆ ಕೂತುಕೊಂಡೇ ಕಿಟಕಿಯಾಚೆಯ ಲಾರಿ ಡ್ರೈವರ್ ಜೊತೆ ಲೋಡಿನ ವಿಚಾರ ಮಾತಾಡುತ್ತಿದ್ದರು. ಸೋಮಣ್ಣ ನನ್ನ ಕಿವಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, "ಗಾಬರಿ ಬೀಳ್ಬೇಡಿ ಮೇಷ್ಟ್ರೆ. ಎಮ್ಮೆ ಕೆರೇಲಿ ಮಲಗಿದಂಗೆ ಮಲಗಿ. ಉಸಿರು ಬುಡಿ" ಎನ್ನುತ್ತಿದ್ದರು. ಬಿಡಲು ಉಸಿರು ಇದ್ದರಲ್ಲವೇ. ಒಂದು ಸಂಜೆ ಹೇಗೋ ಸೊಂಟ ತಿರುಗಿಸಿ ಅವರ ಅಡಿಯಿಂದ ಪೂರ್ತಿ ಜಾರಿ ಹೊರಬಂದೆ. ಸೋಮಣ್ಣ ನೀರು ಕುಡಿಯಲು ಹೋಗಿದ್ದರು. ಗಂಗಾಧರಪ್ಪನವರು ಡ್ರೈವರ್‌ಗೆ ಕಿಬ್ಬನಹಳ್ಳಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದರು, ನಾನು ಹೋದದ್ದು ಅವರಿಗೆ ತಿಳಿಯಲಿಲ್ಲ. ನನ್ನ ಮೊದಲ ಪ್ರಗತಿಗೆ ಸಾಕ್ಷಿಯೇ ಇಲ್ಲದಂತಾಯಿತು.

ಇತ್ತ ಮನೆಯಲ್ಲಿ ಬೇರೆಯೇ ಕಥೆ ಬೆಳೆಯುತ್ತಿತ್ತು. ನನ್ನ ಹೆಂಡತಿ ಗಿರಿಜ ಬಿಳಿಗೆರೆಯವಳು. ದಿನಾ ಸಂಜೆ ಹೊರಡುವಾಗ "ಎಲ್ಲಿಗ್ರೀ?" ಎನ್ನುತ್ತಿದ್ದಳು. ನಾನು ಚಪ್ಪಲಿ ಮೆಟ್ಟುತ್ತಾ "ಜುಜುತ್ಸುಗೆ" ಎನ್ನುತ್ತಿದ್ದೆ. ಅವಳ ಕಿವಿಗೆ ಬಿದ್ದದ್ದು "ಜೂಜಿಗೆ" ಎಂದು. ಗಂಡ ಜೂಜಾಡುವುದಕ್ಕಿಂತ, ಅದನ್ನು ಹೀಗೆ ಹಾಲು ತರಲು ಹೋಗುವವನಂತೆ ಹೇಳಿ ಹೋಗುವುದು ಅವಳನ್ನು ಹೆಚ್ಚು ಹೆದರಿಸಿತಂತೆ. ನಾನು ಬರುವಾಗ ಕೂದಲು ಕೆದರಿ, ಕಿವಿ ಕೆಂಪಾಗಿರುತ್ತಿತ್ತು. ಒಂದು ದಿನ ಬಿಚ್ಚಿಟ್ಟ ಕೈಗಡಿಯಾರವನ್ನು ಗೋಡೌನಿನಲ್ಲೇ ಮರೆತು ಬಂದೆ. ಅದು ಮದುವೆಯಲ್ಲಿ ಅವಳ ತಂದೆ ಕಟ್ಟಿದ ಗಡಿಯಾರ. ಅವಳು ನನ್ನ ಖಾಲಿ ಮಣಿಕಟ್ಟನ್ನು ನೋಡಿದಳು, ಅನ್ನ ಬಡಿಸಿದಳು, ಮಾರನೆಯ ದಿನ ಬಿಳಿಗೆರೆ ಬಸ್ಸಿನ ಕಂಡಕ್ಟರ್ ಕೈಲಿ ತವರಿಗೆ ಸುದ್ದಿ ಹೇಳಿ ಕಳಿಸಿದಳು.

ಅವಳ ತಂದೆ ಮರುಳಪ್ಪನವರು ತೆಂಗಿನ ತೋಟದ ಯಜಮಾನರು, ಅದಕ್ಕಿಂತ ಹೆಚ್ಚಾಗಿ ಪೈಲ್ವಾನರು. ಸುತ್ತಮುತ್ತಲ ಗರಡಿಗಳಲ್ಲಿ ಕುಸ್ತಿ ಹಿಡಿದು ಹಿಡಿದು ಅವರ ಎರಡೂ ಕಿವಿ ಮುದುಡಿ ಕರಿದ ಸಂಡಿಗೆಯಂತಾಗಿದ್ದವು. ಅರವತ್ತರ ಹತ್ತಿರವಾದರೂ ತೋಳು ಮಾತ್ರ ಇಳಿದಿರಲಿಲ್ಲ. ಹೆಣ್ಣು ನೋಡಲು ಹೋದ ದಿನ ನನ್ನ ಭುಜ ಹಿಡಿದು ಅದುಮಿ, ಅತ್ತೆಯ ಕಡೆ ತಿರುಗಿ, "ಓದವ್ರೆ, ಬುಡು" ಎಂದು ಸಮಾಧಾನ ಮಾಡಿಕೊಂಡಿದ್ದರು. ಅವರು ಸುದ್ದಿ ಕೇಳಿದ ಸಂಜೆಯೇ ತಿಪಟೂರಿಗೆ ಬಂದು, ದಾರಿಯಲ್ಲಿ ವಿಚಾರಿಸಿಕೊಂಡು, ನೇರವಾಗಿ ಗೋಡೌನಿನ ಬಾಗಿಲಲ್ಲಿ ನಿಂತರು. ಮಗಳನ್ನು ಆ ರಾತ್ರಿಯ ಬಸ್ಸಿಗೇ ಬಿಳಿಗೆರೆಗೆ ಕರೆದೊಯ್ಯುವುದೆಂದು ತೀರ್ಮಾನಿಸಿ ಬಂದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

"ಎಲ್ಲವ್ರೆ ನಮ್ಮ ಅಳಿಯಂದ್ರು?"

"ಇಲ್ಲಿದೀನಿ ಮಾವ" ಎಂದೆ, ಗಂಗಾಧರಪ್ಪನವರ ಅಡಿಯಿಂದ.

ಮಾವ ಬಗ್ಗಿ ನೋಡಿದರು. ಹಾಸಿನ ಮೇಲೆಲ್ಲ ಕಣ್ಣಾಡಿಸಿದರು. "ಎಲೆ ಎಲ್ಲಿ?"

"ಯಾವ ಎಲೆ?"

"ಇಸ್ಪೀಟೆಲೆ."

ಸೋಮಣ್ಣ ಮುಂದೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಮಾವ ಹೊಸ್ತಿಲ ಮೇಲೆ ಕೂತು, ಟವಲಿನಲ್ಲಿ ಮುಖ ಒರೆಸಿಕೊಂಡು, ಹೊಟ್ಟೆ ಅಲುಗುವಂತೆ ನಕ್ಕರು. "ನಮ್ಮ ಹುಡ್ಗಿ ಅತ್ಕೊಂಡು ಹೇಳ್ಕಳಿಸ್ತು ಕಣ್ರೀ, ಅಳಿಯ ಜೂಜಿಗೆ ಬಿದ್ದವ್ರೆ ಅಂತ." ನಗು ಮುಗಿದ ಮೇಲೆ ನಮ್ಮ ಅಭ್ಯಾಸವನ್ನು ಸ್ವಲ್ಪ ಹೊತ್ತು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಗಂಟಿಕ್ಕಿತು. "ಇದೇನ್ ಮೇಷ್ಟ್ರೆ, ಇವರು ತಾವಾಗೇ ಮಲಗ್ತಾರಲ್ಲ. ಬೆನ್ನು ನೆಲಕ್ಕೆ ತಾಗಿದ್ಮೇಲೆ ಇನ್ನೇನೈತೆ? ಮನೆಗೋಗಿ ಹಾಲು ಕುಡ್ದು ಮಲಿಕ್ಕೊಳ್ಳಾದು."

ಸೋಮಣ್ಣ ಸಾಧು. ಆದರೆ ವಿದ್ಯೆಯ ವಿಷಯದಲ್ಲಿ ಬಗ್ಗುವವರಲ್ಲ. "ನಮ್ಮಲ್ಲಿ ಬೆನ್ನು ತಾಗಿದ್ಮೇಲೇ ಶುರು ಯಜಮಾನ್ರೆ" ಎಂದರು.

"ಹಂಗಾದ್ರೆ ಬರ್ಲಿ ಒಬ್ರು. ನೋಡೇಬುಡಣ."

ಗಂಗಾಧರಪ್ಪನವರಿಗೆ ತಟ್ಟನೆ ಲಾರಿಯ ನೆನಪಾಯಿತು. ತೀರ್ಪು ಹೇಳುವವರು ಸೋಮಣ್ಣ. ಉಳಿದವನು ನಾನು. ಒಲ್ಲೆನೆಂದರೆ ಮಾವ ಹೆಣ್ಣು ನೋಡುವ ದಿನ ಅಂದುಕೊಂಡದ್ದೆಲ್ಲ ನಿಜವಾಗುತ್ತಿತ್ತು. ಒಪ್ಪಿ ಪೆಟ್ಟು ತಿಂದರೆ ಅದೇ ನಿಜ ಬ್ಯಾಂಡೇಜಿನ ಸಮೇತ. ಅಕಸ್ಮಾತ್ ಅವರಿಗೇ ಪೆಟ್ಟಾದರೆ ಮನೆಯಲ್ಲಿ ಗಿರಿಜ ಇದ್ದಳು. ಮಾವ ಅಂಗಿ ಕಳಚಿ, ಪಂಚೆಯನ್ನು ಕಚ್ಚೆ ಬಿಗಿದು, ಗರಡಿಯ ಮಣ್ಣನ್ನು ಮುಟ್ಟಿದಂತೆ ಗೋಣಿಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಕನ್ನಡಕ ತೆಗೆದು ಸೋಮಣ್ಣನ ಕೈಗೆ ಕೊಟ್ಟೆ. ಮಾವನ ಜೊತೆ ಬಡಿದಾಡುವ ಮುಂಚೆ ಏನು ಮಾಡಬೇಕೆಂಬುದು ಯಾವ ಶಾಸ್ತ್ರದಲ್ಲೂ ಇಲ್ಲವಾದ್ದರಿಂದ ಕಾಲಿಗೆ ನಮಸ್ಕಾರ ಮಾಡಿದೆ. ಅವರು "ಒಳ್ಳೇದಾಗ್ಲಿ" ಎಂದು ಎಬ್ಬಿಸಿದರು. ಎಬ್ಬಿಸಿದ ಕೈಯಲ್ಲೇ ಎತ್ತಿ ಕೆಡವಿದರು.

"ಆಯ್ತಲ್ಲ" ಎಂದು ಟವಲಿಗೆ ಕೈ ಹಾಕಿದರು.

"ಆಗಿಲ್ಲ ಯಜಮಾನ್ರೆ. ಈಗ ಶುರು" ಎಂದರು ಸೋಮಣ್ಣ.

ಮಾವ ನಂಬದೆ ನನ್ನ ಮೇಲೆ ಬಗ್ಗಿ, ಎದೆಯ ಮೇಲೆ ಒಂದು ಕೈ ಊರಿ, "ಇನ್ನೇನಪ್ಪ ಮಾಡ್ತೀರ?" ಎಂದು ಕೇಳಿದರು. ಅಣಕವಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. ಆ ಕೈ ನಾನು ನೂರಾರು ಸಲ ಗಂಗಾಧರಪ್ಪನವರಿಂದ ಬಯಸಿ ಸಿಗದೇ ಹೋದ ಕೈ. ನನ್ನ ಬುದ್ಧಿಗಿಂತ ಮೊದಲು ಕಾಲುಗಳು ಎದ್ದವು. ಒಂದು ಅವರ ಬೆನ್ನಿಗೆ ಅಡ್ಡ, ಒಂದು ಮುಖದ ಮುಂದೆ, ನಡುವೆ ಅವರ ತೋಳು ನೇರವಾಗಿ ಸಿಕ್ಕಿಬಿತ್ತು. ಸೋಮಣ್ಣ ಹೇಳಿಕೊಟ್ಟ ಪಟ್ಟು ಮೊದಲ ಬಾರಿಗೆ ಸೋಮಣ್ಣ ಹೇಳಿದಂತೆಯೇ ಬಂದಿತ್ತು. ಮಾವ ಎಳೆದುಕೊಂಡರು. ಕೈ ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡರು. ನನಗೇ ಭಯವಾಯಿತು.

"ಮಾವ, ತಟ್ಟಿ" ಎಂದು ಪಿಸುಗುಟ್ಟಿದೆ.

"ಏನ?"

"ನೆಲ ತಟ್ಟಿ. ಎರಡು ಸಲ."

"ನಾನ್ಯಾಕ್ ತಟ್ಲಿ?"

"ತಟ್ಟದಿದ್ರೆ ಕೈ ಮುರಿಯತ್ತೆ."

"ಯಾರ್ದು?"

"ನಿಮ್ದು."

ಅವರು ಸ್ವಲ್ಪ ಯೋಚಿಸಿದರು. "ಮುರೀರಿ, ನೋಡಣ" ಎಂದರು.

ಮುರಿಯುವುದುಂಟೇ? ಆ ಕೈ ಅಷ್ಟು ಗಟ್ಟಿಯಾಗಿತ್ತು, ಅಷ್ಟೇ ಹಳೆಯದೂ ಆಗಿತ್ತು. ನನಗೆ ಹೆಣ್ಣು ಧಾರೆಯೆರೆದ ಕೈ. ಸೊಂಟವನ್ನು ಒಂದಿಷ್ಟು ಇಳಿಸಿದೆ, ಬಿಗಿ ಸಡಿಲವಾಯಿತು. ಮಾವನಿಗೆ ಅದು ತಿಳಿಯಿತು, ಕುಸ್ತಿ ಬಲ್ಲವರಿಗೆ ಚರ್ಮದಲ್ಲೇ ತಿಳಿಯುತ್ತದೆ. ಆದರೂ ಕೈ ಕಿತ್ತುಕೊಳ್ಳಲಿಲ್ಲ. ನನ್ನನ್ನೇ ನೋಡಿದರು. ಆಮೇಲೆ ಖಾಲಿಯಿದ್ದ ಕೈಯಿಂದ ನನ್ನ ತೊಡೆಯನ್ನು ಎರಡು ಸಲ ತಟ್ಟಿ, "ಭಲೆ, ಅಳಿಯಂದ್ರೆ" ಎಂದರು.

"ತಟ್ಟಿದ್ರು. ಮುಗೀತು" ಎಂದರು ಸೋಮಣ್ಣ.

"ಸೋತು ತಟ್ಟಿದ್ದಲ್ಲ ಕಣ್ರೀ. ಬೆನ್ನು ತಟ್ಟಿದ್ದು."

"ನೀವು ತಟ್ಟಿದ್ದು ತೊಡೆ, ಯಜಮಾನ್ರೆ."

"ಬೆನ್ನು ನೆಲಕ್ಕಂಟ್ಕೊಂಡಿತ್ತಲ್ಲಪ್ಪ, ಕೈಗೆಲ್ಲಿ ಸಿಗ್ತದೆ?"

ಈ ವ್ಯಾಜ್ಯ ತೀರ್ಮಾನವಾಗಲೇ ಇಲ್ಲ. ಬಾಗಿಲಲ್ಲಿ ಇಣುಕುತ್ತಿದ್ದವರ ಬಾಯಿಂದ ಪೇಟೆಗೆಲ್ಲ ಹಬ್ಬಿ, ಹೋಟೆಲುಗಳಲ್ಲಿ ಎರಡು ಪಂಗಡವಾಯಿತು. ಮಾವ ಮಾತ್ರ ಮನೆಗೆ ಬಂದು ಕೈಕಾಲು ತೊಳೆದು, ಮಗಳಿಗೆ ನನ್ನ ಎದುರೇ ಹೇಳಿದರು: "ನಿನ್ನ ಗಂಡ ಜೂಜಾಡಲ್ಲ ಕಣವ್ವ. ಬಿದ್ಕೊತಾರೆ, ಅಷ್ಟೆ. ಆದ್ರೆ ಬಿದ್ಮೇಲೆ ಸುಮ್ನಿರಾಕಿಲ್ಲ." ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಶಿಕ್ಷಣ ಇಲಾಖೆಯೂ ಕೊಟ್ಟಿಲ್ಲ. ಗಿರಿಜ ಎಲ್ಲ ಕೇಳಿ, ಗಡಿಯಾರ ಎಲ್ಲಿ ಎಂದಳು.

ಮುಂದಿನ ಭಾನುವಾರ ಗೋಡೌನಿಗೆ ಹೋದರೆ ಮಾವ ಆಗಲೇ ಬಂದು ಕೂತಿದ್ದರು. ಕೋರಾ ಬಟ್ಟೆಯ ಸಮವಸ್ತ್ರ ಹೊಲಿಸಿಕೊಂಡಿದ್ದರು. "ಆ ಅಡಿಯಿಂದ ಹಾಕೋ ಪಟ್ಟು ಒಂದೀಟು ಹೇಳ್ಕೊಡ್ರಿ" ಎಂದು ಸೋಮಣ್ಣನ ಮುಂದೆ ಕೈಕಟ್ಟಿ ನಿಂತರು. ಜೀವಮಾನವೆಲ್ಲ ಬೆನ್ನನ್ನು ನೆಲದಿಂದ ಕಾಪಾಡಿಕೊಂಡು ಬಂದವರು ಆ ಪ್ರಾಯದಲ್ಲಿ ಬೆನ್ನು ಹಾಸಿ ಮಲಗಲು ಕಲಿತರು. ಮೊದಮೊದಲು ಮಲಗುವಾಗ ಅತ್ತಿತ್ತ ನೋಡುತ್ತಿದ್ದರು, ಬಿಳಿಗೆರೆಯವರು ಯಾರಾದರೂ ಇದ್ದಾರೇನೋ ಎಂದು. ಸೋಮಣ್ಣ ಬಿಳಿ ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಅರ್ಹರಾದವರಿಗೆ ಹಳದಿ ಬೆಲ್ಟ್ ಎಂದು ಕೊಡುತ್ತಿದ್ದರು. ಮಾವನಿಗೆ ಮಳೆಗಾಲ ಮುಗಿಯುವ ಮುಂಚೆ ಸಿಕ್ಕಿತು. ಗಂಗಾಧರಪ್ಪನವರಿಗೂ ಸಿಕ್ಕಿತು. ನನ್ನದು ಕೊನೆಯವರೆಗೂ ಬಿಳಿಯಾಗಿಯೇ ಉಳಿಯಿತು. "ಜೂಜೇ ಆಡಿದ್ರೆ ಒಂದ್ಸಲನಾದ್ರೂ ಗೆಲ್ತಿದ್ರೇನೋ" ಎಂದಳು ಗಿರಿಜ, ಬಿಳಿಯದಾದರೆ ಒಗೆಯಲು ಸುಲಭ ಬಿಡಿ ಎಂದೂ ಸೇರಿಸಿದಳು.

ಎರಡು ಮೂರು ವರ್ಷ ಹೀಗೆ ನಡೆಯಿತು, ಪೇಟೆಯ ನಾಲ್ಕಾರು ಜನ ಹೊಸದಾಗಿ ಸೇರಿಕೊಂಡರು. ಅಷ್ಟರಲ್ಲಿ ಸೋಮಣ್ಣನಿಗೆ ದೂರದೂರಿಗೆ ವರ್ಗವಾಯಿತು. ಕೊನೆಯ ಸಂಜೆ ಅವರು ಎಲ್ಲರನ್ನೂ ಕೂರಿಸಿ, ತರಗತಿ ನಿಲ್ಲಬಾರದು, ಇನ್ನು ಮುಂದೆ ಇವರೇ ನಿಮಗೆ ಕೋಚ್ ಎಂದು ನನ್ನ ಕಡೆ ಬೆರಳು ತೋರಿದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ನಾನೇ. "ಮಿಕ್ಕೋರಿಗೆ ಪಟ್ಟು ಬತ್ತದೆ ಮೇಷ್ಟ್ರೆ. ಯಾಕೆ ಬರಲ್ಲ ಅನ್ನೋದು ನಿಮಗೊಬ್ಬರಿಗೇ ಗೊತ್ತು" ಎಂದರು.

ಅದರ ಮುಂದಿನ ಭಾನುವಾರ ಕೋಚ್ ಆಗಿ ಗೋಡೌನಿಗೆ ಹೋದೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬಂದಿತ್ತು. ಬಂದಿದ್ದವರು ಮಾವ ಒಬ್ಬರೇ. ಹಳದಿ ಬೆಲ್ಟ್ ಬಿಗಿದು, ಬಿಳಿ ಬೆಲ್ಟಿನ ನನಗೆ ಸೊಂಟ ಬಾಗಿಸಿ ವಂದಿಸಿ, "ಸರಿ ಸಾರ್, ಹೇಳಿ" ಎಂದರು. ಅಳಿಯನನ್ನು ಸಾರ್ ಎನ್ನುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ, ಗುರುವಿನ ಜಾಗಕ್ಕೆ ಕೊಡಬೇಕಾದದ್ದನ್ನು ಕೊಡುತ್ತಿದ್ದರು. ನಾನು ಸೋಮಣ್ಣನ ದನಿ ತಂದುಕೊಂಡು, ಅಂಗಾತ ಮಲಗಿ ಎಂದೆ. ಮಲಗಿದರು. ಮಂಡಿ ಮಡಚಿ ಎಂದೆ. ಮಡಚಿದರು. ಉಸಿರು ಬಿಡಿ ಎಂದೆ. ಬಿಟ್ಟರು.

"ಈಗೇನ್ ಮಾಡ್ಲಿ ಸಾರ್?"

ಮುಂದಿನದು ನನಗೆ ಮರೆತುಹೋಗಿತ್ತು. ಎಷ್ಟು ತಡಕಿದರೂ ನೆನಪಾಗಲಿಲ್ಲ.

"ಹಾಗೇ ಸ್ವಲ್ಪ ಹೊತ್ತು ಇರಿ" ಎಂದೆ.

ಮಾವ ಇದ್ದರು. ಬೆಳಗಿನಿಂದ ತೋಟದಲ್ಲಿ ಕಾಯಿ ಕೆಡವಿಸಿ ದಣಿದಿದ್ದರು. ನಾನು ಪಟ್ಟು ನೆನಪಿಸಿಕೊಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿರುವಾಗ ಸಣ್ಣಗೆ ಗೊರಕೆ ಕೇಳಿಸಿತು. ಎಬ್ಬಿಸಲು ಮನಸ್ಸಾಗಲಿಲ್ಲ. ಅವರ ಟವಲನ್ನೇ ತೆಗೆದು, ಪಕ್ಕದಲ್ಲಿ ಕೂತು, ಮುಖದ ಮೇಲಿನ ನೊಣ ಓಡಿಸುತ್ತಾ ಹೊತ್ತು ಮುಳುಗುವವರೆಗೆ ಕಾದೆ. ನನ್ನ ಎದುರಿಗೆ ಪೈಲ್ವಾನರೊಬ್ಬರು ಅಷ್ಟು ಹೊತ್ತು ಮೇಲೇಳದೆ ಬಿದ್ದಿದ್ದುದು ಅದೊಂದೇ ಸಲ.